ಮೂರನೆಯವಳು

ಕಂಪನಿ ಕಳಿಸಿದ ಕಾಗದದಲ್ಲಿ ನಮಗಿಟ್ಟ ಹೆಸರು
‘ಮೂರನೆಯವರು’.
ಓದುವಾಗ ನನ್ನ ಕೈಯಲ್ಲಿ
ಐದು ಎಚ್‌ಪಿ ಮೋಟರಿನ ತಂತಿ.
ಅರವತ್ತೆರಡೋ ಅರವತ್ತಮೂರೋ,
ಎಣಿಕೆ ತಪ್ಪಿತು. ಬಿಚ್ಚಿ, ಮತ್ತೆ ಒಂದರಿಂದ.

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಈರುಳ್ಳಿ ಗೋದಾಮಿಗೆ ಅಂಟಿಕೊಂಡ ವೈಂಡಿಂಗ್ ಅಂಗಡಿ.
ಇಲ್ಲಿ ಕೂತೇ ಆರು ವರ್ಷ, ಸಂಬಳವಿಲ್ಲದೆ,
ಹನ್ನೊಂದು ಸಾವಿರ ಜನರ ಬಾಗಿಲು ಕಾದೆ:
ಪಂಪು ಕೆಟ್ಟವರು, ಮಿಕ್ಸಿ ಸುಟ್ಟವರು,
“ಅಕ್ಕಾ, ಗುಂಯ್ ಅಂತದೆ, ತಿರುಗಲ್ಲ” ಅನ್ನುವವರು.
ಬೈದಾಡಿದವರನ್ನು ಹೊರಗೆ ಹಾಕುವುದು,
ಸಾಲದ ಜಾಹೀರಾತು ಗುಡಿಸುವುದು.

ದುದ್ದದ ನಿರ್ವಾಣಯ್ಯ. ಹಿಟ್ಟಿನ ಗಿರಣಿ. ಕಣ್ಣಿಲ್ಲ.
ಯಾರಾದರೂ ಮೋಟರಿನ ಸದ್ದು ಹಾಕಿದರೆ
ಎರಡು ಸಲ ಕೇಳಿ ಹೇಳುತ್ತಿದ್ದ:
“ಹಿಂದಿನ ಬೇರಿಂಗು. ಗ್ರೀಸ್ ಬಳೀಬೇಡ, ಬದಲಾಯ್ಸು.”
ಬರೆದದ್ದನ್ನು ಅವನಿಗೆ ಓದಿ ಹೇಳುತ್ತಿದ್ದದ್ದು
ಅರಸೀಕೆರೆಯ ಸುಹೇಲ ಕಟ್ಟಿದ ಆ್ಯಪು.
ದನಿ ಅವನಮ್ಮ ಜೈಬುನ್ನಿಸಾ ಮೇಡಮ್ಮಿನದು,
ಇಪ್ಪತ್ತೆಂಟು ವರ್ಷ ಕನ್ನಡ ಶಾಲೆಯಲ್ಲಿ ಉಕ್ತಲೇಖನ ಕೊಟ್ಟ ದನಿ:
ಅಲ್ಪವಿರಾಮಕ್ಕೆ ಒಂದುಸಿರು, ಪೂರ್ಣವಿರಾಮಕ್ಕೆ ಎರಡು.
ಕಂಪನಿಯ ಸ್ವಂತ ಆ್ಯಪಿಗೂ ಕನ್ನಡ ಬರುತ್ತದೆ.
ಎಲ್ಲಿ ಮುಟ್ಟಿದರೂ
‘ಬಟನ್’ ಅನ್ನುತ್ತದೆ. ‘ಬಟನ್’. ‘ಬಟನ್’.

ಏಪ್ರಿಲ್ ಒಂದರಿಂದ
ಹೊರಗಿನ ಆ್ಯಪು ಸಾವಿರ ಸಲ ಕದ ತಟ್ಟಿದರೆ ಇಷ್ಟು ಡಾಲರು.
ಸುಹೇಲ ಲೆಕ್ಕ ಹಾಕಿದ,
ಹಾಳೆಯನ್ನು ನಾಲ್ಕು ಮಡಿಸಿ ಜೇಬಿಗಿಟ್ಟ.

ನಾವೇ ಬಾಗಿಲು ಹಾಕೋಣ, ಎರಡು ದಿನ, ಅಂದಳು ಬೇಲೂರಿನ ಗ್ರೇಸಿ.
ಹೊಲಿಗೆಯವರು ಹಾಕುತ್ತಿದ್ದರು, ಜೇನಿನವರು, ಚದುರಂಗದವರು.
ಸೋಮವಾರ ಬೆಳಗಿನ ಜಾವ ನಾನೇ ಬೆರಳೊತ್ತಿದೆ.
ಹನ್ನೊಂದು ಸಾವಿರ ಜನ ಕತ್ತಲಲ್ಲಿ.
ಹತ್ತು ಗಂಟೆಗೆ ಚನ್ನರಾಯಪಟ್ಟಣದಿಂದ ಫೋನು:
“ನಿಮ್ಮ ಜಗಳ ನಿಮಗಿರ್ಲಿ, ನನ್ನ ಟೊಮೇಟೊ ಒಣಗ್ತಾವೆ ಕಣಮ್ಮ.”
ಅದೂ ಸುಳ್ಳಲ್ಲ. ದನಿ ತಗ್ಗಿಸಿ, ಕೆಪಾಸಿಟರ್ ಬದಲಾಯಿಸು, ಅಂದೆ.
ಮುಷ್ಕರ ಮುರಿದವರಲ್ಲಿ ಮೊದಲಿಗಳು ನಾನೇ.

ಮೂರನೆಯ ದಿನ ಕಂಪನಿ ಬರೆಯಿತು:
ತೆರೆಯಿರಿ, ಇಲ್ಲವೇ ಬೇರೆಯವರನ್ನು ಕೂರಿಸುತ್ತೇವೆ.
ತೆರೆದೆವು.
ಕೈ ನಡುಗಿತು ಅಂದರೆ ಸುಳ್ಳಾಗುತ್ತದೆ.
ಗ್ರೇಸಿ ಹೊರಟುಹೋದಳು, ಒಂದು ಮಾತೂ ಬೈಯದೆ.
ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ಮೂವತ್ತೊಂದರ ರಾತ್ರಿ ನಿರ್ವಾಣಯ್ಯ
ಗಿರಣಿ ನಿಲ್ಲಿಸಿ, ಬೆಲ್ಟು ಪೂರ್ತಿ ಸುಮ್ಮನಾಗುವವರೆಗೆ ಕಾದು
ಕೇಳುತ್ತ ಕೂತನಂತೆ.
ಮೇಡಮ್ಮು ಯಾರದೋ ಪಂಪಿನ ಕಥೆ ಓದುತ್ತಿದ್ದರಂತೆ:
“ನೀರು ಬರುತ್ತದೆ, ಆದರೆ,”

ಒಂದುಸಿರು.
ಆಮೇಲೆ ಹನ್ನೆರಡು ಹೊಡೆಯಿತು.

“ಆದರೆ ಏನಂತೆ?”
ಬೆಳಗ್ಗೆ ಫೋನಿನಲ್ಲಿ ಅವನ ಮೊದಲ ಮಾತು.
ಹುಡುಕಿ ಓದಿದೆ:
“ಒಮ್ಮೆ ನಿಲ್ಲಿಸಿದರೆ ಮತ್ತೆ ಏರುವುದಿಲ್ಲ.”
ಫುಟ್‌ವಾಲ್ವು, ಅಂದ.

ಈಗ ದಿನಾ ಏಳೂವರೆಗೆ ಶಟರು ಅರ್ಧ ಇಳಿಸಿ
ಅವನಿಗೆ ಓದುತ್ತೇನೆ, ಅವನು ಹೇಳಿದ್ದನ್ನು ಕುಟ್ಟುತ್ತೇನೆ.
ಮೇಡಮ್ಮಿನ ಹಾಗಲ್ಲ, ನನ್ನದು ಗಬಗಬ.
“ನಿಧಾನ, ಗೇರಿಲ್ವೇನಮ್ಮ ನಿಂಗೆ?” ಅಂತಾನೆ.
ಅವನಿಗೂ ಅವರಿಗೂ ನಡುವೆ ನಿಂತವಳು.
ಇನ್ನೂ ಯಾರೂ ಬಿಲ್ಲು ಕಳಿಸಿಲ್ಲ.

ಓದು ಮುಗಿದ ಮೇಲೂ ಅವನು ಫೋನಿಡುವುದಿಲ್ಲ.
ನಾನು ಕಾಯಿಲ್ ಸುತ್ತಲು ಕೂರುತ್ತೇನೆ, ಟಿಕ್, ಟಿಕ್,
ಗಿರಾಕಿ ಬಂದು ಎಣಿಕೆ ಮರೆತರೆ
ಆ ಕಡೆಯಿಂದ ಹೇಳುತ್ತಾನೆ:
ನಲವತ್ತೊಂದು.