ಷರಾ

ಹದಿನೇಳನೆಯ ಪ್ರಶ್ನೆ:
ಜುಲೈ ತಿಂಗಳಲ್ಲೂ ಎದುರಿನ ಬೆಟ್ಟ ಕಾಣಬೇಕಾದರೆ
ತಿಂಗಳಿಗೆ ಎಷ್ಟು ಪೆಸೊ ಕೊಡಲು ತಯಾರಿದ್ದೀರಿ?

ಇತೆಲ್ವಿನಾ ನ್ಯಾಂಕುಪೆಲ್ ಒಲೆಯ ಬಾಯಿ ತೆರೆದು
ಆರದ ಲೆಂಗಾ ಕೊರಡೊಂದನ್ನು ತುರುಕಿದಳು.
"ಬೆಟ್ಟಕ್ಕೂ ಬಾಡಿಗೆಯೇ?"
ಸೊನ್ನೆ, ಎಂದು ಬರೆದುಕೊಂಡೆ.

ಸೊನ್ನೆಯಲ್ಲಿ ಎರಡು ಜಾತಿ, ಕೈಪಿಡಿಯ ಪ್ರಕಾರ:
ಇಲ್ಲದವರ ಸೊನ್ನೆ, ಒಲ್ಲದವರ ಸೊನ್ನೆ.
ಮೊದಲನೆಯದು ಸರಾಸರಿಗೆ ಸೇರುತ್ತದೆ,
ಎರಡನೆಯದನ್ನು ಕಿತ್ತುಹಾಕಬೇಕು.
ಅವಳ ಮುಖ ನೋಡಿದೆ. ಹೊಗೆಗೆ ಕಣ್ಣು ಕಿರಿದಾಗಿತ್ತು;
ಯಾವ ಜಾತಿಯೆಂದು ತಿಳಿಯಲಿಲ್ಲ.

ಕೊಯಾಯ್ಕೆ ಊರು ಬಟ್ಟಲಿನ ತಳದಲ್ಲಿದೆ.
ಗಾಳಿ ನಿಂತ ರಾತ್ರಿ ಚಳಿಯೇ ಮುಚ್ಚಳ.
ನಲವತ್ತು ಮನೆ ಮುಗಿದಿದೆ, ಇನ್ನೂರ ಅರವತ್ತು ಬಾಕಿ.
ಖರ್ಚಿನ ಕಡೆ: ಹೊಸ ಒಲೆ, ಗೋಡೆಗೆ ಚಳಿ ತಡೆವ ಪದರ,
ಸೌದೆ ಮಾರುವ ರೊಸಾಮೆಲ್‌ನ ಲಾರಿಯ ಉಳಿದ ಹನ್ನೊಂದು ಕಂತು.
ಜಮೆಯ ಕಡೆ: ಮೊಮ್ಮಗ ಯೆರ್ಕೊ
ಆಸ್ಪತ್ರೆಯಲ್ಲಿ ಮಲಗದೆ ಉಳಿಯುವ ದಿನಗಳು,
ಅವನ ತಾಯಿಗೆ ಕಡಿತವಾಗದ ಕೂಲಿ.
ಆಮೇಲೆ, ಸಾಯದೆ ಉಳಿಯುವವರು,
ವರ್ಷಕ್ಕೆ ಹದಿಮೂರು ಮುಕ್ಕಾಲು ಮಂದಿ.
ಆ ಮುಕ್ಕಾಲು ಯಾರೋ.
ಇಪ್ಪತ್ತು ವರ್ಷದಾಚೆ ಉಳಿಯುವ ಜೀವಕ್ಕೆ ವಟ್ಟ ಮುರಿದು
ಇವತ್ತಿನ ಬೆಲೆ ಹಾಕುತ್ತೇವೆ:
ಮೂರರಲ್ಲಿ ಒಂದು ಪಾಲು ಉಳಿದರೆ ಹೆಚ್ಚು.
ಯೆರ್ಕೊಗೆ ಆಗ ಇಪ್ಪತ್ತಾರು.

ಲೆಕ್ಕ ತಪ್ಪಲ್ಲ.
ಖರ್ಚಿನ ನಾಲ್ಕು ಪಟ್ಟು ಲಾಭ ಬರುತ್ತದೆ, ನನಗೆ ಗೊತ್ತು.
ಈ ಕಾಗದವಿಲ್ಲದೆ ಸಾಂತಿಯಾಗೊದಲ್ಲಿ ಯಾರೂ
ಇವಳ ಒಲೆಗೆ ಗಂಟು ಬಿಚ್ಚುವುದಿಲ್ಲ.
ರಾತ್ರಿ ವಸತಿಗೃಹದಲ್ಲಿ ನಾನೂ ಕೇಳುತ್ತೇನೆ:
ಇನ್ನೊಂದು ಕೊರಡು ಹಾಕಿ, ಕಾಲು ಮರಗಟ್ಟಿದೆ.
ಆ ಬೆಚ್ಚಗನ್ನು ಯಾವ ಕಡೆ ಬರೆಯಲಿ?

"ನಾನೇ ಯಾಕೆ ಕೊಡಬೇಕು?"
ಯೆರ್ಬಾ ಎಲೆ ತುಂಬಿದ ಬುರುಡೆಗೆ ಅವಳು ಬಿಸಿನೀರು ಹೊಯ್ದಳು.
"ಐವತ್ತು ಚಳಿಗಾಲ ನುಂಗಿದ್ದೀನಿ. ಅದಕ್ಕೆ ನನಗೆಷ್ಟು ಕೊಡ್ತೀರಿ ಅಂತ
ಒಂದು ಪ್ರಶ್ನೆ ಇರಬೇಕಲ್ಲ, ನೋಡಮ್ಮ."
ಹಾಳೆ ತಿರುವಿದೆ.
ಹದಿನೆಂಟು: ಮನೆಯಲ್ಲಿ ಎಷ್ಟು ಕೋಣೆ.

ಕೊನೆಯ ಅಂಕಣ ಷರಾ. ಎರಡು ಬೆರಳಗಲ.
ಒಲೆ ಹಳೆಯದು, ಸೌದೆ ಹಸಿ, ಎಂದು ಬರೆಯುವಷ್ಟರಲ್ಲಿ
ಜಾಗ ಮುಗಿಯಿತು.

ಬಾಗಿಲ ತನಕ ಬಂದಳು.
ಬರೀ ಬೂದಿಯಾಗಿದ್ದ ಕಡೆಗೆ ಕೈ ಚಾಚಿ
"ಅಲ್ಲೇ ಇದೆ ಬೆಟ್ಟ," ಎಂದಳು, "ಎಲ್ಲಿಗೆ ಹೋಗುತ್ತೆ."
ಅವಳು ತೋರಿಸಿದ ಕಡೆ ನಾನೂ
ಸ್ವಲ್ಪ ಹೊತ್ತು ನೋಡಿದೆ.