ಗೆರೆ ಹೊಡೆದ ಸೊನ್ನೆ

ಭಟ್ಟಿ ಕೂಡಿಸಲು ಬಂದ ಡೆನ್ಮಾರ್ಕಿನ ಇಂಜಿನಿಯರ
ಗೆಸ್ಟ್‌ಹೌಸಿನ ಗೋಡೆಗೆ ಬಿಟ್ಟುಹೋದ ಕ್ಯಾಲೆಂಡರು
ರದ್ದಿಯವನ ಕೈಸೇರಿ, ಎರಡು ರೂಪಾಯಿಗೆ
ಲಾಡ್ಲೇಸಾಬ ಮಾಮಾನ ಅಂಗಡಿಗೆ ಬಂತು.
ಶಹಾಬಾದದ ಸ್ಟೇಶನ್ ರೋಡಿನಲ್ಲಿ
ಲಾರಿಗಳಿಗೆ ನಂಬರು ಬರೆಯುವವ ಅವ.
ಬಣ್ಣದ ಡಬ್ಬಿ ಹಿಡಿಯುವವ ನಾನು.

ಹನ್ನೆರಡು ಹಾಳೆ, ಹನ್ನೆರಡರಲ್ಲೂ ಹಿಮ.
ಒಂದು ಬೇಲಿ. ಬೋರಲು ಮಲಗಿದ ದೋಣಿ.
ಬರೆದವ ಮೀನು ಹಿಡಿಯುತ್ತಿದ್ದನಂತೆ,
ಸಾಹೇಬ ಅರ್ಧ ಕೈಸನ್ನೆಯಲ್ಲಿ ಹೇಳಿದ್ದನ್ನು
ಅಡುಗೆಯ ತುಕ್ಕಪ್ಪ ಬಂದು ಹೇಳಿದ್ದು.
'ಅವಗೂ ಉಸ್ತಾದ ಇದ್ದಿದ್ದಿಲ್ಲ ನೋಡು'
ಅಂದ ಮಾಮಾ, ಅಂದೇ ಅಂದ,
ನನಗೆ ಬೇಸರ ಬರುವತನಕ.

ಕೆಳಗೆ ಅವನ ಹೆಸರು. ನಡುವೆ ಒಂದು ಅಕ್ಷರ:
ಸೊನ್ನೆ, ಅದರ ಮೈಮೇಲೆ ಓರೆಗೆರೆ.
ಅಕ್ಷರದಲ್ಲೇ ಅನ್ನ ಕಂಡವನಿಗೆ
ಆ ರಾತ್ರಿ ನಿದ್ದೆ ಹತ್ತಲಿಲ್ಲ.
'ಮಾಸ್ತರ ಸೊನ್ನಿ ಕೊಟ್ಟಾನ,
ಇಂವ ಅದನ್ನ ಹೊಡದು ಹಾಕ್ಯಾನ!'

ಖಣಿಯಲ್ಲಿ ಒಡೆದ ಪರಸಿ ಪುಕ್ಕಟೆ.
ಕಲ್ಲಿನ ಬೂದುಬಣ್ಣವೇ ಅರ್ಧ ಆಕಾಶ.
ಮೇ ತಿಂಗಳು, ತಗಡಿನ ಕೆಳಗೆ ನಲವತ್ತನಾಲ್ಕು ಡಿಗ್ರಿ,
ಹುಬ್ಬಿನ ಬೆವರು ಹಿಮದ ಮೇಲೇ ಬೀಳುತ್ತಿತ್ತು.
ಬಳಿದದ್ದು ಸುಣ್ಣವಾಗುತ್ತಿತ್ತು, ಮೊಸರಾಗುತ್ತಿತ್ತು,
ಒಮ್ಮೆ ಚೀಲ ಹರಿದ ಹತ್ತಿಯೂ ಆಯಿತು.
ಹಿಮವಾಗಲಿಲ್ಲ.
ಐದು ಕಲ್ಲು ಕಾಗಿಣಾದ ಪಾಲು.

ಒಂದು ನಸುಕು ನನ್ನನ್ನು ಕೆಮ್ಮುತ್ತ ಎಬ್ಬಿಸಿದ.
ರಾತ್ರಿ ಫ್ಯಾಕ್ಟರಿ ಉಗುಳಿದ ಧೂಳು
ಚಾಳಿನ ತಗಡಿಗೆ, ಬೇವಿಗೆ, ನಿಂತ ಸೈಕಲ್ಲಿನ ಸೀಟಿಗೆ,
ಚಾಂದಬೀ ಮಾಮಿಯ ಆಡಿನ ಬೆನ್ನಿಗೆ.
ಸೂರ್ಯ ಆಗಷ್ಟೇ ಓರೆಯಾಗಿ ಬಿದ್ದ.
'ನೆರಳ ನೋಡಲೇ, ನೆರಳ!
ಕರೇದಿಲ್ಲ ಅದು. ನೀಲಿ ಅದ!'

ಆಮೇಲೆ ಬರೆದದ್ದೆಲ್ಲ ನಮ್ಮ ಚಾಳು.
ದೋಣಿಯ ಬದಲು ಬೋರಲು ಹಾಕಿದ ಹಿಟ್ಟಿನ ಬೋಗುಣಿ,
ಆಡು, ಎದೆ ಒತ್ತಿಕೊಂಡು ಡ್ಯೂಟಿಗೆ ಹೊರಟ ಮಂದಿ.
'ಹಿಮಾನೋ ಧೂಳೋ?' ಎಂದು ಕೇಳಿದರೆ
ಬ್ರಶ್ಶು ಸೀಮೆಎಣ್ಣೆಯಲ್ಲಿ ಅದ್ದುತ್ತ ಕೂತಿರುತ್ತಿದ್ದ.

ಹತ್ತೊಂಬತ್ತು ಕಲ್ಲು. ಕೊಂಡವರಿಲ್ಲ.
ಒಂದರ ಮೇಲೆ ಮಾಮಿ ಈಗಲೂ ಅರಿವೆ ಒಗೆಯುತ್ತಾಳೆ,
ಬಣ್ಣದ ಮಗ್ಗಲು ಕೆಳಗೆ ಮಾಡಿ, ಅಷ್ಟು ಖಬರಿದೆ ಅವಳಿಗೆ.

ನಂಬರಿನ ಸೊನ್ನೆಗೂ ಗೆರೆ ಹೊಡೆಯತೊಡಗಿದ್ದ ಕಡೆಕಡೆಗೆ.
'ಇದು ಎಂಟೋ, ಸೊನ್ನೆಯೋ?' ಅಂತ
ಆರ್‌ಟಿಓದವರು ದಂಡ ಹಾಕಿದರು,
ಡ್ರೈವರುಗಳು ಬಂದು ಬೈದು ಹೋದರು.
ಮೊನ್ನೆ ಜೇವರ್ಗಿ ಕ್ರಾಸಿನಲ್ಲಿ
ತುಕ್ಕು ಹಿಡಿದ ಲಾರಿಯೊಂದು ನನ್ನ ಮುಂದೆ ತಿರುಗಿತು,
ಪರಸಿ ಹೇರಿಕೊಂಡು.
ಹಿಂದಿನ ತಗಡಿನಲ್ಲಿ ಎರಡು ಸೊನ್ನೆ.
ಎರಡಕ್ಕೂ ಗೆರೆ.