ಬೀಗದ ರಸೀದಿ

ಸರಗೋಸಾ. ಮಂಗಳವಾರ, ಒಂಬತ್ತೂವರೆ.
ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ.
ಕೋರ್ಟಿನ ಗುಮಾಸ್ತೆ ಏದುಸಿರಲ್ಲೇ ಓದಿದಳು:
ಸ್ವಾಧೀನ, ತೆರವು, ಇಂದೇ, ಈಗಲೇ.

ನಾನಿನ್ನೂ ಡ್ರಿಲ್ ಜೋಡಿಸುತ್ತಿದ್ದೆ,
ಬಾಗಿಲು ಒಳಗಿಂದಲೇ ತೆರೆಯಿತು.
ಫೆಲೀಸಾ, ಕೋಟು ತೊಟ್ಟು ನಿಂತಿದ್ದಳು.
"ಕಳ್ಳರು ಬಂದುಹೋದ ವರ್ಷ
ಇದನ್ನು ಕೂರಿಸಿದ್ದು ನೀನೇ ಅಲ್ವಾ?"

ಹೌದು. ನನ್ನದೇ ಕೈ.

ಅವಳ ಕೈಯಲ್ಲಿ ರಸೀದಿ: ಎಂಬತ್ತಾರು ಯೂರೋ.
"ಮನೆ ಬ್ಯಾಂಕಿನದು, ಆಯ್ತು. ಬೀಗ ನನ್ನದು."

ಗುಮಾಸ್ತೆ ಹಾಳೆ ತಿರುವಿದಳು, ಮುಂದಕ್ಕೆ, ಹಿಂದಕ್ಕೆ.
ಬೀಗದ ಮಾತು ಎಲ್ಲೂ ಇರಲಿಲ್ಲ.
ಪೊಲೀಸಿನವನು ಗೋಡೆ ನೋಡಿದ.

ನಾಲ್ಕು ತಿರುಪು ಬಿಚ್ಚಿ ಅವಳ ಕೈಗಿಟ್ಟೆ.

ಹೊಸದನ್ನು ಕೂರಿಸುವಾಗ
ಮೆಟ್ಟಿಲ ಕೆಳಗಿಂದ ಕೇಳುತ್ತಲೇ ಇತ್ತು
ಅವಳು ಕೀಲಿ ತಿರುಗಿಸುವ ಸದ್ದು:
ಟಕ್, ನಾಲಿಗೆ ಹೊರಗೆ.
ಟಕ್, ಒಳಗೆ.